ವಿದ್ವತ್ ಪ್ರಕಾಶನದಲ್ಲಿ ಮುಕ್ತ ಪ್ರವೇಶ: ಕೊಲ್ಹಾಪುರ ಗಡಿಯ ಅಭ್ಯರ್ಥಿಗೆ ಮುಖ್ಯಾಂಶಗಳು

ವ್ಯಾಪ್ತಿ

- ಉಪಯುಕ್ತ ಪರೀಕ್ಷೆಗಳು: ಯುಜಿಸಿ-ನೆಟ್ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ (ವಿಷಯ ಸಂಕೇತ 59), ಕೆ-ಸೆಟ್, ಮಹಾರಾಷ್ಟ್ರ ಸೆಟ್, ಗ್ರಂಥಪಾಲಕ ಹುದ್ದೆಗಳು, ನೆಟ್ ಪ್ರಥಮ ಪತ್ರಿಕೆಯ ಸಂಶೋಧನಾ ಘಟಕ
- ಪ್ರದೇಶ: ಕೊಲ್ಹಾಪುರ ಜಿಲ್ಲೆಯ ಹಾತಕಣಂಗಲೆ, ಇಚಲಕರಂಜಿ, ಗಡಹಿಂಗ್ಲಜ, ಎರಡೂ ರಾಜ್ಯಗಳ ಪರೀಕ್ಷೆ ಬರೆಯುವ ಕನ್ನಡ ಅಭ್ಯರ್ಥಿಗಳ ವಲಯ
- ಸಮೀಪದ ವಿಶ್ವವಿದ್ಯಾಲಯ: ಶಿವಾಜಿ ವಿಶ್ವವಿದ್ಯಾಲಯ, ಕೊಲ್ಹಾಪುರ, ಸ್ಥಾಪನೆ 1962 ನವೆಂಬರ್ 18, ಉದ್ಘಾಟನೆ ರಾಷ್ಟ್ರಪತಿ ಎಸ್. ರಾಧಾಕೃಷ್ಣನ್, ಮೊದಲ ಕುಲಪತಿ ಅಪ್ಪಾಸಾಹೇಬ ಪವಾರ
- ಇಂದಿನ ವ್ಯಾಪ್ತಿ: ಕೊಲ್ಹಾಪುರ, ಸಾಂಗಲಿ, ಸಾತಾರಾ ಜಿಲ್ಲೆಗಳು, ಸೊಲ್ಲಾಪುರಕ್ಕೆ 2004ರಿಂದ ಪ್ರತ್ಯೇಕ ವಿಶ್ವವಿದ್ಯಾಲಯ
- ಗ್ರಂಥಾಲಯ: ಬ್ಯಾರಿಸ್ಟರ್ ಬಾಳಾಸಾಹೇಬ ಖರ್ಡೇಕರ ಹೆಸರಿನದು

ಕೊಲ್ಹಾಪುರ: ಗ್ರಂಥಾಲಯ ಕಾಯ್ದೆಯ ಪ್ರಥಮ

- ಕರವೀರ ನಗರ ವಾಚನ ಮಂದಿರ, ಕೊಲ್ಹಾಪುರ: 1850
- ಕೊಲ್ಹಾಪುರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ, 1945: ಭಾರತದ ಮೊತ್ತಮೊದಲ ಗ್ರಂಥಾಲಯ ಕಾಯ್ದೆ, ದೇಶೀಯ ಸಂಸ್ಥಾನದ್ದು
- ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ, 1948: ಸ್ವತಂತ್ರ ಭಾರತದ ಮೊದಲನೆಯದು, ಪ್ರೇರಕ ಎಸ್. ಆರ್. ರಂಗನಾಥನ್
- ಇವೆರಡರ ಅದಲುಬದಲು ಪ್ರಶ್ನೆಪತ್ರಿಕೆಗಳ ಹಳೆಯ ಬಲೆ. ಪ್ರಶ್ನೆಯಲ್ಲಿ 'ಸ್ವತಂತ್ರ' ಎಂಬ ಪದ ಇದ್ದರೆ ಮದ್ರಾಸ್, ಇಲ್ಲದಿದ್ದರೆ ಕೊಲ್ಹಾಪುರ
- ಕೊಲ್ಹಾಪುರ ಸಂಸ್ಥಾನದ ವಿಲೀನ: 1949 ಮಾರ್ಚ್ 1, ಮುಂಬಯಿ ಪ್ರಾಂತಕ್ಕೆ
- ಹೈದರಾಬಾದ್ ಕಾಯ್ದೆ 1955. ಕರ್ನಾಟಕ (ಅಂದಿನ ಮೈಸೂರು) ಕಾಯ್ದೆ 1965. ಮಹಾರಾಷ್ಟ್ರ ಕಾಯ್ದೆ 1967
- ಕರ್ನಾಟಕ: ಆಸ್ತಿ ತೆರಿಗೆಯ ಮೇಲೆ ಶೇ 6 ಗ್ರಂಥಾಲಯ ಉಪಕರ. ಮಹಾರಾಷ್ಟ್ರ: ಉಪಕರ ಇಲ್ಲ, ಅನುದಾನ ಪದ್ಧತಿ, ಅ, ಬ, ಕ, ಡ ವರ್ಗದ ಗ್ರಂಥಾಲಯಗಳು
- ರಂಗನಾಥನ್: ಗ್ರಂಥಾಲಯ ವಿಜ್ಞಾನದ 5 ಸೂತ್ರಗಳು, 1931, ಬೆಂಗಳೂರಿನ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ (ಡಿಆರ್‌ಟಿಸಿ), 1962

ಪರಿಭಾಷೆ

- ಮುಕ್ತ ಪ್ರವೇಶ: ವಿದ್ವತ್ ಲೇಖನ ಜಾಲದಲ್ಲಿ ಓದುಗನಿಗೆ ಉಚಿತ, ಜೊತೆಗೆ ಮರುಬಳಕೆಯ ಅನುಮತಿ. ಎರಡನೆಯ ಷರತ್ತು ಇಲ್ಲದ್ದು ಬರೀ ಉಚಿತ ಓದು
- ಹಸಿರು ಮಾರ್ಗ: ಲೇಖಕನೇ ತನ್ನ ಪ್ರತಿಯನ್ನು ಸಾಂಸ್ಥಿಕ ಅಥವಾ ವಿಷಯ ಭಂಡಾರದಲ್ಲಿ ಇರಿಸುವುದು
- ಚಿನ್ನದ ಮಾರ್ಗ: ನಿಯತಕಾಲಿಕೆಯೇ ಮುಕ್ತ, ಹಲವೆಡೆ ಲೇಖಕನಿಂದ ಲೇಖನ ಸಂಸ್ಕರಣಾ ಶುಲ್ಕ, ಅಂದರೆ ಎಪಿಸಿ
- ವಜ್ರ ಮಾರ್ಗ: ಓದುಗನಿಗೂ ಶುಲ್ಕವಿಲ್ಲ, ಲೇಖಕನಿಗೂ ಇಲ್ಲ, ವೆಚ್ಚ ಸಂಸ್ಥೆಯದು
- ಮಿಶ್ರ: ಚಂದಾ ನಿಯತಕಾಲಿಕೆಯೊಳಗೆ ಹಣ ಕಟ್ಟಿದ ಲೇಖನ ಮಾತ್ರ ಮುಕ್ತ. ಒಂದೇ ನಿಯತಕಾಲಿಕೆಗೆ ಚಂದಾ ಮತ್ತು ಎಪಿಸಿ ಎರಡೂ ಪಾವತಿ ಎಂಬ ಆಕ್ಷೇಪದ ಮೂಲ
- ಕಂಚು: ಪ್ರಕಾಶಕ ಉಚಿತವಾಗಿ ಬಿಟ್ಟದ್ದು, ಪರವಾನಗಿ ಇಲ್ಲ, ಯಾವಾಗ ಬೇಕಾದರೂ ಮುಚ್ಚಬಹುದು
- ಕಪ್ಪು: ಹಕ್ಕುಸ್ವಾಮ್ಯ ಮೀರಿದ ಸಂಗ್ರಹಗಳು, ಉದಾಹರಣೆ ಸೈ-ಹಬ್
- ತಡೆಯವಧಿ: ಪ್ರಕಟಣೆಯಿಂದ ಭಂಡಾರದಲ್ಲಿ ತೆರೆಯುವವರೆಗಿನ ಕಾಯುವಿಕೆ; ರೂಢಿಯಲ್ಲಿ 6 ಅಥವಾ 12 ತಿಂಗಳು
- ಕ್ರಿಯೇಟಿವ್ ಕಾಮನ್ಸ್ ಪರವಾನಗಿ: ಮೊದಲ ಬಿಡುಗಡೆ 2002 ಡಿಸೆಂಬರ್, ಸಂಸ್ಥಾಪಕರಲ್ಲಿ ಲಾರೆನ್ಸ್ ಲೆಸ್ಸಿಗ್, ಮುಖ್ಯ ಪರವಾನಗಿ 6 ಬಗೆ, ಅತ್ಯಂತ ಉದಾರವಾದದ್ದು ಸಿಸಿ-ಬಿವೈ

ಜಾಗತಿಕ ಕಾಲಾನುಕ್ರಮ

- 1665 ಜನವರಿ 5: ಜೂರ್ನಾಲ್ ದೆ ಸಾವಾಂ, ಪ್ಯಾರಿಸ್, ಸಂಪಾದಕ ಡೆನಿ ದ ಸಾಲೊ
- 1665 ಮಾರ್ಚ್ 6: ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್, ಲಂಡನ್, ಸಂಪಾದಕ ಹೆನ್ರಿ ಓಲ್ಡನ್‌ಬರ್ಗ್
- 1991 ಆಗಸ್ಟ್: ಆರ್ಕೈವ್ ಪ್ರಿಪ್ರಿಂಟ್ ಭಂಡಾರ, ಪಾಲ್ ಗಿನ್ಸ್‌ಪಾರ್ಗ್, ಲಾಸ್ ಅಲಾಮೋಸ್, 2001ರಿಂದ ಕಾರ್ನೆಲ್ ವಿಶ್ವವಿದ್ಯಾಲಯ
- 1991: ರಾಬರ್ಟ್ ಮ್ಯಾಕ್ಸ್‌ವೆಲ್‌ನ ಪರ್ಗಮನ್ ಪ್ರೆಸ್ ಎಲ್ಸೆವಿಯರ್ ಪಾಲು. ಮುಕ್ತ ಭಂಡಾರದ ಹುಟ್ಟು, ಪ್ರಕಾಶನ ಏಕಸ್ವಾಮ್ಯದ ಬೆಳವಣಿಗೆ, ಎರಡೂ ಒಂದೇ ವರ್ಷ
- 1994: ಸ್ಟೀವನ್ ಹಾರ್ನಾಡ್ ಪ್ರಸ್ತಾವ, ಲೇಖಕರ ಸ್ವಯಂ ಸಂಗ್ರಹಣೆಯ ಕರೆ
- 1998: ಸೈಎಲೊ, ಬ್ರೆಜಿಲ್, ವಜ್ರ ಮಾರ್ಗದ ದೊಡ್ಡ ಸಾರ್ವಜನಿಕ ಮಾದರಿ
- 2000: ಪಬ್‌ಮೆಡ್ ಸೆಂಟ್ರಲ್
- 2002 ಫೆಬ್ರುವರಿ 14: ಬುಡಾಪೆಸ್ಟ್ ಉಪಕ್ರಮ, ಮೂಲ ಸಹಿದಾರರು 16, ಹಿಂದಿನ ಸಭೆ 2001 ಡಿಸೆಂಬರ್
- 2003 ಜೂನ್: ಬೆಥೆಸ್ಡಾ ಹೇಳಿಕೆ
- 2003 ಅಕ್ಟೋಬರ್ 22: ಬರ್ಲಿನ್ ಘೋಷಣೆ. ಬುಡಾಪೆಸ್ಟ್, ಬೆಥೆಸ್ಡಾ, ಬರ್ಲಿನ್: ಮೂರೂ 'ಬ'ಕಾರ, ಅನುಕ್ರಮವೂ ಇದೇ
- 2003 ಮೇ: ಡಿಒಎಜೆ, ಮುಕ್ತ ನಿಯತಕಾಲಿಕೆಗಳ ಸೂಚಿ; ಲುಂಡ್ ವಿಶ್ವವಿದ್ಯಾಲಯ, ಸ್ವೀಡನ್; ಆರಂಭದಲ್ಲಿ 300 ನಿಯತಕಾಲಿಕೆ
- 2003 ಅಕ್ಟೋಬರ್: ಪ್ಲಾಸ್ ಬಯಾಲಜಿ, ಆರಂಭದ ಎಪಿಸಿ 1,500 ಡಾಲರ್
- 2008 ಫೆಬ್ರುವರಿ: ಹಾರ್ವರ್ಡ್ ಕಲಾ-ವಿಜ್ಞಾನ ಬೋಧಕವರ್ಗದ ಮುಕ್ತ ಪ್ರವೇಶ ನಿರ್ಣಯ
- 2008 ಏಪ್ರಿಲ್: ಅಮೆರಿಕದ ಎನ್‌ಐಎಚ್ ಕಡ್ಡಾಯ ನೀತಿ, ತಡೆಯವಧಿ 12 ತಿಂಗಳು
- 2012 ಜನವರಿ: ಎಲ್ಸೆವಿಯರ್ ಬಹಿಷ್ಕಾರ, ಗಣಿತಜ್ಞ ತಿಮೋತಿ ಗವರ್ಸ್
- 2018 ಸೆಪ್ಟೆಂಬರ್ 4: ಪ್ಲಾನ್ ಎಸ್, ಸಂಶೋಧನಾ ಅನುದಾನ ಸಂಸ್ಥೆಗಳ ಮುಕ್ತ ಪ್ರವೇಶ ಯೋಜನೆ, 10 ತತ್ತ್ವಗಳು, ಜಾರಿ 2021
- 2018: ಪಿವೊವಾರ್ ಮತ್ತು ಸಂಗಡಿಗರ ಅಧ್ಯಯನ, ವಿದ್ವತ್ ಸಾಹಿತ್ಯದ ಕನಿಷ್ಠ ಶೇ 28 ಮುಕ್ತ
- 2021 ಜನವರಿ: ನೇಚರ್ ಎಪಿಸಿ 9,500 ಯೂರೊ. 2003ರ ಪ್ಲಾಸ್ ದರದೊಂದಿಗೆ ಹೋಲಿಸಿಕೊಳ್ಳುವುದು
- 2021 ನವೆಂಬರ್: ಯುನೆಸ್ಕೊ ಮುಕ್ತ ವಿಜ್ಞಾನ ಶಿಫಾರಸು, 193 ಸದಸ್ಯ ರಾಷ್ಟ್ರ
- 2022 ಆಗಸ್ಟ್: ಅಮೆರಿಕದ ನೆಲ್ಸನ್ ಜ್ಞಾಪನ, ತಡೆಯವಧಿ ರದ್ದು
- 2025 ಜುಲೈ 1: ಎನ್‌ಐಎಚ್‌ನಲ್ಲಿ ಶೂನ್ಯ ತಡೆಯವಧಿ ಜಾರಿ

ಬೆಂಗಳೂರು–ಮೈಸೂರು: ಭಾರತದ ಪ್ರಥಮಗಳು

ದೇಶದ ಮುಕ್ತ ಪ್ರವೇಶ ಇತಿಹಾಸದ ಆರಂಭಿಕ ಹೆಜ್ಜೆಗಳಲ್ಲಿ ಹೆಚ್ಚಿನವು ಕರ್ನಾಟಕದಲ್ಲಿ. ಕರ್ನಾಟಕದ ಪ್ರಶ್ನೆಪತ್ರಿಕೆಗಳಿಗೆ ಈ ಭಾಗ ಪೂರ್ತಿ ಕಂಠಪಾಠ.

- ಕರೆಂಟ್ ಸೈನ್ಸ್: ಬೆಂಗಳೂರು, 1932, ಪಾಕ್ಷಿಕ
- ಭಾರತೀಯ ವಿಜ್ಞಾನ ಅಕಾಡೆಮಿ: ಬೆಂಗಳೂರು, 1934, ಸ್ಥಾಪಕ ಸಿ. ವಿ. ರಾಮನ್
- ಅಕಾಡೆಮಿಯ ನಿಯತಕಾಲಿಕೆಗಳು ಅಕಾಡೆಮಿಯ ಜಾಲತಾಣದಲ್ಲಿ ಉಚಿತ, ಲೇಖಕನಿಂದ ಶುಲ್ಕವಿಲ್ಲ. 'ವಜ್ರ' ಎಂಬ ಹೆಸರು ರೂಢಿಗೆ ಬರುವ ಮೊದಲೇ ಅದೇ ಪದ್ಧತಿ
- ವಿದ್ಯಾನಿಧಿ: ಮೈಸೂರು ವಿಶ್ವವಿದ್ಯಾನಿಲಯ, 2000, ವಿದ್ಯುನ್ಮಾನ ಪ್ರಬಂಧ ಸಂಗ್ರಹದ ಭಾರತದ ಆರಂಭಿಕ ಯೋಜನೆ, ರೂವಾರಿ ಶಾಲಿನಿ ಅರಸ್
- ಈ-ಪ್ರಿಂಟ್ಸ್ ಐಐಎಸ್‌ಸಿ: ಭಾರತೀಯ ವಿಜ್ಞಾನ ಸಂಸ್ಥೆ, 2002, ಭಾರತದ ಮೊದಲ ಸಾಂಸ್ಥಿಕ ಭಂಡಾರ, ರೂವಾರಿ ಟಿ. ಬಿ. ರಾಜಶೇಖರ್, ತಂತ್ರಾಂಶ ಸೌತಾಂಪ್ಟನ್‌ನ ಈ-ಪ್ರಿಂಟ್ಸ್
- ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ: 2003, ಐಐಎಸ್‌ಸಿಯ ಎನ್. ಬಾಲಕೃಷ್ಣನ್, ಕಾರ್ನೆಗಿ ಮೆಲನ್‌ನ ರಾಜ್ ರೆಡ್ಡಿ. ಹತ್ತು ಲಕ್ಷ ಪುಸ್ತಕ ಯೋಜನೆಯ ಭಾಗ. ಮೂಲ ತಾಣ ನಂತರ ಸ್ಥಗಿತ. ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ
- ಬೆಂಗಳೂರು ಕಾರ್ಯಾಗಾರ: 2006 ನವೆಂಬರ್ 2–3, ಅಭಿವೃದ್ಧಿಶೀಲ ದೇಶಗಳಿಗೆ ಮಾದರಿ ರಾಷ್ಟ್ರೀಯ ಮುಕ್ತ ಪ್ರವೇಶ ನೀತಿ
- ಕಡ್ಡಾಯ ಠೇವಣಿ ವಿಧಿಸಿದ ಮೊದಲ ಭಾರತೀಯ ಸಂಸ್ಥೆ: ಎನ್‌ಐಟಿ ರೂರ್ಕೆಲಾ, 2006. ಮೊದಲ ಭಂಡಾರ ಬೆಂಗಳೂರು, ಮೊದಲ ಕಡ್ಡಾಯ ರೂರ್ಕೆಲಾ
- ದೇಶದ ಹಿರಿಯ ಪ್ರತಿಪಾದಕ: ಸುಬ್ಬಯ್ಯ ಅರುಣಾಚಲಂ, ಮಾಹಿತಿ ವಿಜ್ಞಾನಿ

ಕೇಂದ್ರ ಸರ್ಕಾರದ ನೀತಿಗಳು

- 2004: ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ, ದೆಹಲಿ, ಬರ್ಲಿನ್ ಘೋಷಣೆಗೆ ಸಹಿ
- 2013 ಸೆಪ್ಟೆಂಬರ್: ಐಸಿಎಆರ್ ಮುಕ್ತ ಪ್ರವೇಶ ನೀತಿ
- 2014 ಡಿಸೆಂಬರ್: ಡಿಬಿಟಿ–ಡಿಎಸ್‌ಟಿ ಜಂಟಿ ನೀತಿ, ಹಸಿರು ಮಾರ್ಗ, ಎಪಿಸಿಗೆ ಪ್ರತ್ಯೇಕ ಹಣವಿಲ್ಲ
- 2018 ಫೆಬ್ರುವರಿ 14: ಮುಕ್ತ ಪ್ರವೇಶದ ದೆಹಲಿ ಘೋಷಣೆ, ದಿನಾಂಕ ಬುಡಾಪೆಸ್ಟ್‌ನದೇ
- 2019 ಫೆಬ್ರುವರಿ: ಪ್ಲಾನ್ ಎಸ್ ಸೇರ್ಪಡೆಯ ಇಂಗಿತ, ಪ್ರಧಾನ ವೈಜ್ಞಾನಿಕ ಸಲಹೆಗಾರ ಕೆ. ವಿಜಯರಾಘವನ್
- 2019 ಅಕ್ಟೋಬರ್: ಸೇರ್ಪಡೆಯಿಂದ ಹಿಂದೆ ಸರಿದ ಭಾರತ
- 2020 ಡಿಸೆಂಬರ್: ವಿಜ್ಞಾನ, ತಂತ್ರಜ್ಞಾನ ಮತ್ತು ನಾವೀನ್ಯ ನೀತಿಯ ಕರಡು, 'ಒಂದು ದೇಶ ಒಂದು ಚಂದಾ' ಪರಿಕಲ್ಪನೆ
- 2022 ನವೆಂಬರ್: ಯುಜಿಸಿ ಪಿಎಚ್.ಡಿ. ನಿಯಮಗಳು, ಪ್ರಬಂಧ ಸಲ್ಲಿಕೆಗೆ ಮುನ್ನ ಲೇಖನ ಪ್ರಕಟಣೆಯ ಕಡ್ಡಾಯ ರದ್ದು

ಶೋಧಗಂಗಾ

- ಸ್ವರೂಪ: ಭಾರತೀಯ ಡಾಕ್ಟರೇಟ್ ಪ್ರಬಂಧಗಳ ಮುಕ್ತ ಭಂಡಾರ, ನಿರ್ವಹಣೆ ಇನ್‌ಫ್ಲಿಬ್‌ನೆಟ್, ಗಾಂಧಿನಗರ
- ಇನ್‌ಫ್ಲಿಬ್‌ನೆಟ್: ಆರಂಭ 1991, ಯುಜಿಸಿಯ ಸ್ವಾಯತ್ತ ಅಂತರ-ವಿಶ್ವವಿದ್ಯಾಲಯ ಕೇಂದ್ರ 1996
- ಕಾನೂನಿನ ಬುನಾದಿ: ಯುಜಿಸಿ ಎಂ.ಫಿಲ್.–ಪಿಎಚ್.ಡಿ. ಕನಿಷ್ಠ ಮಾನದಂಡ ನಿಯಮಗಳು, 2009
- ತಂತ್ರಾಂಶ: ಡಿ-ಸ್ಪೇಸ್ (ಎಂಐಟಿ ಮತ್ತು ಎಚ್‌ಪಿ, 2002)
- ಗಾತ್ರ: 5 ಲಕ್ಷಕ್ಕೂ ಹೆಚ್ಚು ಪ್ರಬಂಧ
- ಶೋಧಗಂಗೋತ್ರಿ: ಪ್ರಬಂಧ ಅಲ್ಲ, ಸಾರಲೇಖ
- ಶಿವಾಜಿ ವಿಶ್ವವಿದ್ಯಾಲಯ: ಶೋಧಗಂಗಾ ಸದಸ್ಯ; ಕೊಲ್ಹಾಪುರದ ಪ್ರಬಂಧಗಳು ಧಾರವಾಡ, ಹಂಪಿಯ ಪ್ರಬಂಧಗಳ ಜೊತೆ ಒಂದೇ ಹುಡುಕಾಟದಲ್ಲಿ ಲಭ್ಯ
- ತೊಡಕು: ಹಳೆಯ ಕನ್ನಡ ಪ್ರಬಂಧಗಳಲ್ಲಿ ಯೂನಿಕೋಡ್‌ಪೂರ್ವ ಫಾಂಟ್ ಅಥವಾ ಚಿತ್ರರೂಪದ ಪುಟ, ಪುಟ ಮುಕ್ತ, ಪದ ಹುಡುಕಾಟ ಅಸಾಧ್ಯ. ನೀತಿದಾಖಲೆಗಳಲ್ಲಿ ಈ ಅಂಶಕ್ಕೆ ಸ್ಥಾನ ಕಡಿಮೆ
- ಸಂಬಂಧಿತ ನಿಯಮ: ಕೃತಿಚೌರ್ಯ ತಡೆ ನಿಯಮಗಳು, 2018, ಸಾಮ್ಯತೆಯ 4 ಮಟ್ಟ: ಶೇ 10ರವರೆಗೆ ದಂಡವಿಲ್ಲ, 10–40, 40–60, 60ಕ್ಕಿಂತ ಹೆಚ್ಚು

ಒಂದು ದೇಶ ಒಂದು ಚಂದಾ

- ಸಂಪುಟದ ಒಪ್ಪಿಗೆ: 2024 ನವೆಂಬರ್ 25, ಕೇಂದ್ರ ವಲಯದ ಯೋಜನೆ
- ಮೊತ್ತ: 6,000 ಕೋಟಿ ರೂಪಾಯಿ, ಅವಧಿ 2025, 2026, 2027, ಮೂರು ಪಂಚಾಂಗ ವರ್ಷ
- ಜಾರಿ: 2025 ಜನವರಿ 1
- ಪ್ರಕಾಶಕರು 30. ನಿಯತಕಾಲಿಕೆ ಸುಮಾರು 13,000. ಸಂಸ್ಥೆ 6,300ಕ್ಕೂ ಹೆಚ್ಚು. ಫಲಾನುಭವಿ ಸುಮಾರು 1.8 ಕೋಟಿ
- ಪ್ರಕಾಶಕರ ಪೈಕಿ: ಎಲ್ಸೆವಿಯರ್, ಸ್ಪ್ರಿಂಗರ್ ನೇಚರ್, ವೈಲಿ, ಟೇಲರ್ ಅಂಡ್ ಫ್ರಾನ್ಸಿಸ್, ಸೇಜ್, ಆಕ್ಸ್‌ಫರ್ಡ್, ಕೇಂಬ್ರಿಡ್ಜ್
- ಸಮನ್ವಯ: ಇನ್‌ಫ್ಲಿಬ್‌ನೆಟ್. ಬಳಕೆಯ ನಿಯತ ಪರಾಮರ್ಶೆ: ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ
- ಎಪಿಸಿ ನೆರವು: ವರ್ಷಕ್ಕೆ 150 ಕೋಟಿ ರೂಪಾಯಿ
- ಲೆಕ್ಕ: ವಾರ್ಷಿಕ ಸರಾಸರಿ 2,000 ಕೋಟಿ, ಫಲಾನುಭವಿಗೆ ತಲಾ ಸುಮಾರು 1,100 ರೂಪಾಯಿ
- ಮೊದಲ ಹಂತ: ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆ ಮತ್ತು ಕೇಂದ್ರದ ಸಂಶೋಧನಾ ಸಂಸ್ಥೆ. ಖಾಸಗಿ ಸಂಸ್ಥೆ ನಂತರದ ಹಂತಕ್ಕೆ. ಸಾರ್ವಜನಿಕ ಗ್ರಂಥಾಲಯಗಳ ನಿಗದಿತ ಕೇಂದ್ರಗಳು ಕೊನೆಯ ಹಂತಕ್ಕೆ
- ಪ್ರಾದೇಶಿಕ ಅನ್ವಯ: ಶಿವಾಜಿ ವಿಶ್ವವಿದ್ಯಾಲಯ ಅರ್ಹ ವರ್ಗ, ಪದವಿ ಮುಗಿಸಿ ಹಾತಕಣಂಗಲೆಯ ವಾಚನಾಲಯದಲ್ಲಿ ಓದುವ ಅಭ್ಯರ್ಥಿ ಸದ್ಯ ಯಾವ ವರ್ಗಕ್ಕೂ ಸೇರದವನು. 1945ರ ಕಾಯ್ದೆಯ ಜಿಲ್ಲೆಯಲ್ಲೇ ಈ ಸ್ಥಿತಿ
- ಅತಿ ಮುಖ್ಯ: ಈ ಯೋಜನೆ ಮುಕ್ತ ಪ್ರವೇಶವಲ್ಲ. ಚಂದಾದ ರಾಷ್ಟ್ರೀಕರಣ ಮಾತ್ರ. ಅವಧಿ ಮುಗಿದರೆ ಓದಿನ ಹಕ್ಕು ಮರುಮಾತುಕತೆಗೆ ಅಧೀನ. ಹಲವು ಮಾರ್ಗದರ್ಶಿಗಳಲ್ಲಿ ಎರಡನ್ನೂ ಒಂದೇ ಶೀರ್ಷಿಕೆಯಡಿ ಕೊಡುವ ರೂಢಿ. ಉತ್ತರ ತಪ್ಪಲು ಅಷ್ಟು ಸಾಕು

ಚರ್ಚೆಯ ಪಕ್ಷಗಳು

- ಪರ: ಸಾರ್ವಜನಿಕ ಹಣದ ಸಂಶೋಧನೆ, ಸಾರ್ವಜನಿಕ ಓದು; ಲೇಖಕ ಮತ್ತು ಪರಿಶೀಲಕ ಇಬ್ಬರಿಗೂ ಸಂಭಾವನೆ ಇಲ್ಲದಿರುವಾಗ ಚಂದಾ ದರ ಅಸಮರ್ಥನೀಯ
- ವಿರೋಧ: ಸಂಪಾದನೆ, ಸಂಗ್ರಹಣೆ, ಸೂಚೀಕರಣದ ವೆಚ್ಚ, ಚಂದಾ ಆದಾಯದಿಂದ ನಡೆಯುವ ವಿದ್ವತ್ ಸಂಘಗಳ ಉಳಿವು
- ಚಂದಾ ಪಕ್ಷ (ಭಾರತ): ಒಟ್ಟು ಖರೀದಿಯಿಂದ ಚೌಕಾಸಿ ಬಲ; ಸಣ್ಣ ಊರಿನ ಕಾಲೇಜಿಗೂ ಏಕಕಾಲಕ್ಕೆ ಲಭ್ಯತೆ
- ಹಸಿರು ಪಕ್ಷ (ಭಾರತ): ಅದೇ ಮೊತ್ತದಲ್ಲಿ ಭಂಡಾರ ಮತ್ತು ದೇಶೀಯ ವಜ್ರ ನಿಯತಕಾಲಿಕೆಗಳು, ಶಾಶ್ವತ ಹಕ್ಕು
- ದಕ್ಷಿಣ ರಾಷ್ಟ್ರಗಳ ಆಕ್ಷೇಪ: ಎಪಿಸಿ ಮಾದರಿಯಲ್ಲಿ ಓದುಗನ ಬಾಗಿಲು ತೆರೆದು ಲೇಖಕನ ಬಾಗಿಲು ಮುಚ್ಚುವಿಕೆ
- ಭಾಷಾ ಆಕ್ಷೇಪ: 30 ಪ್ರಕಾಶಕರಲ್ಲಿ ಹೆಚ್ಚಿನವರು ವಿದೇಶಿ, ಬಹುಪಾಲು ಇಂಗ್ಲಿಷ್; ಕನ್ನಡ ಅಥವಾ ಮರಾಠಿ ಸಂಶೋಧನಾ ಪತ್ರಿಕೆಗಳಿಗೆ ಈ ಮೊತ್ತದಲ್ಲಿ ಪಾಲಿಲ್ಲ. ಉಳಿದ ಐದೂ ವಾದಗಳಿಗಿಂತ ಗಟ್ಟಿಯಾದದ್ದು ಇದು, ಪ್ರಶ್ನೆಪತ್ರಿಕೆಯಲ್ಲಿ ಅಪರೂಪ

ವಂಚಕ ನಿಯತಕಾಲಿಕೆಗಳು

- ಬೀಲ್ ಪಟ್ಟಿ: ಜೆಫ್ರಿ ಬೀಲ್, ಗ್ರಂಥಪಾಲಕ, ಕೊಲೊರಾಡೊ ವಿಶ್ವವಿದ್ಯಾಲಯ, ಡೆನ್ವರ್, ತೆರವು 2017 ಜನವರಿ
- ಬೊಹಾನನ್ ಪರೀಕ್ಷೆ: ಸೈನ್ಸ್, 2013 ಅಕ್ಟೋಬರ್, ದೋಷಪೂರಿತ ಕೃತಕ ಲೇಖನ 304 ನಿಯತಕಾಲಿಕೆಗಳಿಗೆ, ಸ್ವೀಕಾರ 157, ತಿರಸ್ಕಾರ 98
- ಓಮಿಕ್ಸ್, ಹೈದರಾಬಾದ್: ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದಾವೆ 2016, ತೀರ್ಪು 2019, 5.01 ಕೋಟಿ ಡಾಲರ್
- ಹಿಂದಾವಿ: ಕೈರೊ, 1997, ವೈಲಿ ಖರೀದಿ 2021, 29.8 ಕೋಟಿ ಡಾಲರ್. 2023ರಲ್ಲಿ ಹಿಂಪಡೆದ ಲೇಖನ 8,000ಕ್ಕೂ ಹೆಚ್ಚು
- ಯುಜಿಸಿ-ಕೇರ್ (ಮಾನ್ಯ ನಿಯತಕಾಲಿಕೆಗಳ ಪಟ್ಟಿ): ಘೋಷಣೆ 2018, ಪಟ್ಟಿ 2019, ಕೇಂದ್ರ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯ, ರದ್ದು 2025 ಫೆಬ್ರುವರಿ
- ರದ್ದತಿ ನಂತರ ನಿಯತಕಾಲಿಕೆಯ ಗುಣ ನಿರ್ಣಯ ಆಯಾ ಸಂಸ್ಥೆಯ ಹೊಣೆ. 2025ಕ್ಕೆ ಮೊದಲಿನ ಕೈಪಿಡಿಗಳಲ್ಲಿ ಈ ಭಾಗ ಹಳತು
- ಸ್ಪಷ್ಟನೆ: ಮುಕ್ತ ಪ್ರವೇಶ ಮತ್ತು ವಂಚನೆ ಸಮಾನಾರ್ಥಕವಲ್ಲ, ಚಂದಾ ನಿಯತಕಾಲಿಕೆಗಳಲ್ಲೂ ಲೇಖನ ಹಿಂಪಡೆತ ಸಾಮಾನ್ಯ

ನ್ಯಾಯಾಲಯ ಪ್ರಕರಣಗಳು

ದೆಹಲಿ ವಿಶ್ವವಿದ್ಯಾಲಯ ಜೆರಾಕ್ಸ್ ಪ್ರಕರಣ
- ದಾವೆ: 2012, ವಾದಿಗಳು ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್, ಪ್ರತಿವಾದಿಗಳು ರಾಮೇಶ್ವರಿ ಫೋಟೊಕಾಪಿ ಸರ್ವಿಸಸ್ ಮತ್ತು ದೆಹಲಿ ವಿಶ್ವವಿದ್ಯಾಲಯ
- ಏಕಸದಸ್ಯ ತೀರ್ಪು: 2016 ಸೆಪ್ಟೆಂಬರ್ 16, ನ್ಯಾ. ರಾಜೀವ್ ಸಹಾಯ್ ಎಂಡ್ಲಾ, ದಾವೆ ವಜಾ
- ವಿಭಾಗೀಯ ಪೀಠ: 2016 ಡಿಸೆಂಬರ್ 9, ನ್ಯಾ. ಪ್ರದೀಪ್ ನಂದ್ರಾಜೋಗ್, ನ್ಯಾ. ಯೋಗೇಶ್ ಖನ್ನಾ
- ಸುಪ್ರೀಂ ಕೋರ್ಟ್: ಮೇಲ್ಮನವಿ ತಿರಸ್ಕಾರ, 2017 ಮೇ
- ಆಧಾರ: ಹಕ್ಕುಸ್ವಾಮ್ಯ ಕಾಯ್ದೆ 1957, ಕಲಂ 52(1)(ಐ), ಬೋಧನೆಯ ಭಾಗವಾಗಿ ಪ್ರತಿ ತೆಗೆಯುವಿಕೆ

ಸೈ-ಹಬ್
- ಸ್ಥಾಪನೆ: 2011, ಅಲೆಕ್ಸಾಂಡ್ರಾ ಎಲ್ಬಾಕ್ಯಾನ್, ಕಜಕಸ್ತಾನ
- ಅಮೆರಿಕದ ತೀರ್ಪು: 2017, ಎಲ್ಸೆವಿಯರ್‌ಗೆ 1.5 ಕೋಟಿ ಡಾಲರ್ ಪರಿಹಾರ
- ಬಳಕೆ: 2016 ಮಾರ್ಚ್‌ವರೆಗಿನ 6 ತಿಂಗಳಲ್ಲಿ 2.8 ಕೋಟಿ ಲೇಖನ. ಚೀನಾ 44 ಲಕ್ಷ, ಭಾರತ 34 ಲಕ್ಷ, ಇರಾನ್ 26 ಲಕ್ಷ ಕೋರಿಕೆ
- ದೆಹಲಿ ಹೈಕೋರ್ಟ್ ದಾವೆ: 2020 ಡಿಸೆಂಬರ್, ವಾದಿಗಳು ಎಲ್ಸೆವಿಯರ್, ವೈಲಿ, ಅಮೆರಿಕನ್ ಕೆಮಿಕಲ್ ಸೊಸೈಟಿ
- ತಡೆ ಆದೇಶ: 2025 ಆಗಸ್ಟ್. ಚಂದಾ ಯೋಜನೆ ಜಾರಿಯಾದ ಎಂಟನೆಯ ತಿಂಗಳು

ಇತರೆ
- ಆರನ್ ಸ್ವಾರ್ಟ್ಜ್: 1986–2013, ಜೆಸ್ಟೋರ್ ಲೇಖನಗಳ ಸಾಮೂಹಿಕ ಇಳಿಕೆ, ಬಂಧನ 2011 ಜನವರಿ, ಮುಕ್ತ ಪ್ರವೇಶ ಪ್ರಣಾಳಿಕೆ 2008
- ಜೆಎನ್‌ಯು ದತ್ತಾಂಶ ಸಂಗ್ರಹ: 2019, ಕಾರ್ಲ್ ಮಾಲಮುಡ್, 7.3 ಕೋಟಿ ಲೇಖನ; ಉದ್ದೇಶ ಗಣಕ ವಿಶ್ಲೇಷಣೆ, ಓದು ಅಲ್ಲ

ಕೊಲ್ಹಾಪುರದ ಕನ್ನಡ ವಿದ್ವತ್ತು: ಯಾರ ಕೈಗೆ ಎಟುಕುವುದು

- ರಾಜಾರಾಮ ಕಾಲೇಜು, ಕೊಲ್ಹಾಪುರ: 1880
- ಆ. ನೇ. ಉಪಾಧ್ಯೆ: ಜನನ 1906 ಫೆಬ್ರುವರಿ 6, ಸದಲಗಾ, ಬೆಳಗಾವಿ ಜಿಲ್ಲೆ; ರಾಜಾರಾಮ ಕಾಲೇಜು ಪ್ರಾಧ್ಯಾಪಕ 1930–62; ನಿಧನ 1975
- ಸಂಪಾದಿತ ಕೃತಿ: ಪ್ರವಚನಸಾರ 1935, ಪರಮಾತ್ಮಪ್ರಕಾಶ 1937, ಕುವಲಯಮಾಲಾ 1959 ಮತ್ತು 1970
- ಅಧ್ಯಕ್ಷತೆ: ಕನ್ನಡ ಸಾಹಿತ್ಯ ಸಮ್ಮೇಳನ, ಶ್ರವಣಬೆಳಗೊಳ, 1967
- ಕೆ. ಜಿ. ಕುಂದಣಗಾರ: ರಾಜಾರಾಮ ಕಾಲೇಜಿನ ಕನ್ನಡ ಪ್ರಾಧ್ಯಾಪಕ, ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳ ಸಂಪುಟ, 1939
- ಶಿಲಾಹಾರ ವಿಜಯಾದಿತ್ಯನ ಕೊಲ್ಹಾಪುರ ಶಾಸನ, ಶಕ 1065, ಮತ್ತು ಬಾಮಣಿ ಶಾಸನ, ಶಕ 1073: ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ, ಪ್ರಕಟಣೆ ಎಪಿಗ್ರಾಫಿಯಾ ಇಂಡಿಕಾ ಸಂಪುಟ 3, ಎಫ್. ಕೀಲ್‌ಹಾರ್ನ್
- ಗಂಡರಾದಿತ್ಯನ ಹೇರ್ಲೆ ಶಿಲಾಶಾಸನ, ಶಕ 1040: ಹಾತಕಣಂಗಲೆ ತಾಲೂಕು
- ಶಿಲಾಹಾರ ಶಾಸನಗಳ ಸಮಗ್ರ ಸಂಪುಟ: ವಾ. ವಿ. ಮಿರಾಶಿ, ಕಾರ್ಪಸ್ ಸಂಪುಟ 6, 1977. ಪ್ರಕಾಶಕ ಭಾರತೀಯ ಪುರಾತತ್ತ್ವ ಸರ್ವೇಕ್ಷಣ
- ಸರ್ವೇಕ್ಷಣದ ಶಾಸನ ಶಾಖೆಯ ಕೇಂದ್ರ: ಮೈಸೂರು
- ಇಂಡಿಯನ್ ಕಲ್ಚರ್ ಜಾಲತಾಣ: 2019 ಡಿಸೆಂಬರ್, ಸಂಸ್ಕೃತಿ ಸಚಿವಾಲಯ

ಮೇಲಿನ ಯಾವ ಕೃತಿಗೂ 6,000 ಕೋಟಿಯ ಚಂದಾಕ್ಕೂ ಸಂಬಂಧವಿಲ್ಲ. ಇವುಗಳ ಮಟ್ಟಿಗೆ ಮುಕ್ತ ಪ್ರವೇಶವೆಂದರೆ ಎರಡೇ ಅಂಶ: ಹಕ್ಕುಸ್ವಾಮ್ಯದ ಅವಧಿ ಮತ್ತು ಸ್ಕ್ಯಾನ್.

ಹಕ್ಕುಸ್ವಾಮ್ಯ ಅವಧಿ: ಲೆಕ್ಕ ಹಾಕುವ ಕ್ರಮ

- ಭಾರತ: ಲೇಖಕನ ಜೀವಿತಾವಧಿ ಮತ್ತು ನಂತರ 60 ವರ್ಷ, ಎಣಿಕೆ ನಿಧನದ ಮರುವರ್ಷದ ಜನವರಿ 1ರಿಂದ, 50ರಿಂದ 60ಕ್ಕೆ ಏರಿಕೆ 1992ರ ತಿದ್ದುಪಡಿ
- ಸರ್ಕಾರಿ ಪ್ರಕಟಣೆ: ಪ್ರಕಟವಾದ ಮರುವರ್ಷದಿಂದ 60 ವರ್ಷ, ಲೇಖಕನ ನಿಧನ ಅಪ್ರಸ್ತುತ
- ಸಂಶೋಧನೆಗಾಗಿ ಖಾಸಗಿ ಬಳಕೆ: ಕಲಂ 52(1)(ಎ), ನ್ಯಾಯಯುತ ವ್ಯವಹಾರ

ಅನ್ವಯ
- ಮಂಜೇಶ್ವರ ಗೋವಿಂದ ಪೈ, ಕಾಸರಗೋಡು: ನಿಧನ 1963, ಸಾರ್ವಜನಿಕ ಸ್ವತ್ತು 2024 ಜನವರಿ 1ರಿಂದ
- ಫ. ಗು. ಹಳಕಟ್ಟಿ, ವಿಜಯಪುರ: ನಿಧನ 1964, ಸಾರ್ವಜನಿಕ ಸ್ವತ್ತು 2025 ಜನವರಿ 1ರಿಂದ. ಚಂದಾ ಯೋಜನೆ ಜಾರಿಯ ದಿನಾಂಕವೂ ಇದೇ
- ಹಳಕಟ್ಟಿ ಪೂರಕ: ವಚನಶಾಸ್ತ್ರ ಸಾರ 1923, ಸ್ವಂತ ಹಿತಚಿಂತಕ ಮುದ್ರಣಾಲಯ, ಶಿವಾನುಭವ ಪತ್ರಿಕೆ 1926. ಸಂಶೋಧಕನೇ ಸಂಪಾದಕ, ಮುದ್ರಕ, ಪ್ರಕಾಶಕ
- ಡಿ. ಎಲ್. ನರಸಿಂಹಾಚಾರ್: ನಿಧನ 1971, 2032 ಜನವರಿ 1
- ಆ. ನೇ. ಉಪಾಧ್ಯೆ: ನಿಧನ 1975, 2036 ಜನವರಿ 1
- ಮಿರಾಶಿ ಸಂಪುಟ: ಸರ್ಕಾರಿ ಪ್ರಕಟಣೆ 1977, 2038 ಜನವರಿ 1. ಮಿರಾಶಿ ನಿಧನ 1985ರಿಂದ ಎಣಿಸಿದರೆ ಉತ್ತರ ತಪ್ಪು
- ಶಂ. ಬಾ. ಜೋಶಿ: ನಿಧನ 1991, 2052 ಜನವರಿ 1
- ಎಂ. ಎಂ. ಕಲಬುರ್ಗಿ: ನಿಧನ 2015, 2076 ಜನವರಿ 1

ಅವಧಿ ಮುಗಿಯುವ ಮೊದಲೇ ತೆರೆದವು
- ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ: ಕ್ರಿಯೇಟಿವ್ ಕಾಮನ್ಸ್, 2014
- ನಿರಂಜನ ಕೃತಿಗಳು: ಕ್ರಿಯೇಟಿವ್ ಕಾಮನ್ಸ್, ಅನುಮತಿ ತೇಜಸ್ವಿನಿ ನಿರಂಜನ ಅವರಿಂದ
- ಕನ್ನಡ ವಿಕಿಪೀಡಿಯ: 2003 ಜೂನ್
- ಭಾರತವಾಣಿ: ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥಾನ, ಮೈಸೂರು, 2016 ಮೇ
- ಕಣಜ: ಕರ್ನಾಟಕ ಜ್ಞಾನ ಆಯೋಗದ ಶಿಫಾರಸಿನಿಂದ ಬಂದ ಕನ್ನಡ ಜ್ಞಾನಕೋಶ

ಗೊಂದಲದ ಜೋಡಿಗಳು

- ಶೋಧಗಂಗಾ: ಪ್ರಬಂಧ, ಎಲ್ಲರಿಗೂ ಮುಕ್ತ. ಈ-ಶೋಧಸಿಂಧು: ಚಂದಾ ಒಕ್ಕೂಟ, 2015, ಸದಸ್ಯರಿಗೆ ಮಾತ್ರ
- ಎನ್-ಲಿಸ್ಟ್: ಕಾಲೇಜುಗಳಿಗೆ ವಿದ್ಯುನ್ಮಾನ ನಿಯತಕಾಲಿಕೆ, ಪುಸ್ತಕ. ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ: ಐಐಟಿ ಖರಗಪುರ, 2018 ಜೂನ್ 19
- ಡಿ-ಸ್ಪೇಸ್, ಈ-ಪ್ರಿಂಟ್ಸ್: ಭಂಡಾರ ತಂತ್ರಾಂಶ. ಓಪನ್ ಜರ್ನಲ್ ಸಿಸ್ಟಮ್ಸ್: ನಿಯತಕಾಲಿಕೆ ತಂತ್ರಾಂಶ, ಜಾನ್ ವಿಲಿನ್‌ಸ್ಕಿ
- ಐಎಸ್‌ಎಸ್‌ಎನ್: ನಿಯತಕಾಲಿಕೆಗೆ, 8 ಅಂಕಿ. ಐಎಸ್‌ಬಿಎನ್: ಪುಸ್ತಕಕ್ಕೆ, 2007ರಿಂದ 13 ಅಂಕಿ. ಡಿಒಐ: ಲೇಖನಕ್ಕೆ. ಆರ್ಕಿಡ್: ಲೇಖಕನಿಗೆ, 2012, 16 ಅಂಕಿ
- ಡೋರಾ ಘೋಷಣೆ: ಸ್ಯಾನ್ ಫ್ರಾನ್ಸಿಸ್ಕೊ, 2012, ವಿಷಯ ಪ್ರಭಾವ ಸೂಚ್ಯಂಕದ ದುರ್ಬಳಕೆ, ಮುಕ್ತ ಪ್ರವೇಶ ಅಲ್ಲ
- ಪ್ರಭಾವ ಸೂಚ್ಯಂಕ: ಯೂಜೀನ್ ಗಾರ್ಫೀಲ್ಡ್. ಎಚ್-ಸೂಚ್ಯಂಕ: ಜಾರ್ಜ್ ಹಿರ್ಷ್, 2005

ಗಮನದಲ್ಲಿಡಬೇಕಾದ ಮುಂದಿನ ದಿನಾಂಕ

- 2027 ಡಿಸೆಂಬರ್ 31: ಒಂದು ದೇಶ ಒಂದು ಚಂದಾ, ಮಂಜೂರಾದ ಅವಧಿಯ ಅಂತ್ಯ
- 2028: ಮದ್ರಾಸ್ ಗ್ರಂಥಾಲಯ ಕಾಯ್ದೆಗೆ 80 ವರ್ಷ, ಕೊಲ್ಹಾಪುರ ಕಾಯ್ದೆಗೆ 83
- 2029 ಜನವರಿ 1: ಎ. ಆರ್. ಕೃಷ್ಣಶಾಸ್ತ್ರಿ (ನಿಧನ 1968, ಪ್ರಬುದ್ಧ ಕರ್ನಾಟಕದ ಮೊದಲ ಸಂಪಾದಕ) ಕೃತಿಗಳು ಸಾರ್ವಜನಿಕ ಸ್ವತ್ತು